ನಿನ್ನ ಹೆಸರಿನ ಬಸವ

ಪುರವರದ ಪಕ್ಕದ ಹಟ್ಟಿ
೧೦-೩-೧೯೮೩, ಗುರುವಾರ

ಮಗ ಓಬಳಪ್ಪನಿಗೆ,

ಈಗ ಸಂಜೆ ಐದೂವರೆ. ಮೇಯಲು ಹೋದ ದನ ಇನ್ನೂ ಬಂದಿಲ್ಲ. ಬೆಳಿಗ್ಗೆ ರಾಗಿ ಹುಲ್ಲಿನ ಬಣವೆಯ ತಲೆ ಸರಿಮಾಡಿದೆ. ಮಧ್ಯಾಹ್ನ ಪಾವಗಡದ ಕಡೆಯ ಒಂದು ಹಟ್ಟಿಯಿಂದ ಕ್ಯಾತಣ್ಣ ಎಂಬುವನು ಎರಡು ಹಸು, ಒಂದು ಹರೆಯದ ಹೋರಿ ಹೊಡೆದುಕೊಂಡು ಬಂದ. ನಿಮ್ಮವ್ವ ಅವನಿಗೆ ಮುದ್ದೆ, ಹುರುಳಿ ಸಾರು ಬಡಿಸಿದಳು. ಉಂಡು ಜಗಲಿಯ ಮೇಲೆ ಮಲಗಿದ್ದಾನೆ. ಅವನು ಯಾಕೆ ಬಂದ ಎಂಬುದನ್ನು ನಿನಗೆ ತಿಳಿಸಬೇಕು. ತಿಳಿಸಿದರೂ ನೀನು ಓದುವುದಿಲ್ಲ ಎಂದು ಗೊತ್ತಿದೆ.

ನೀನು ಹೋಗಿ ಹನ್ನೊಂದು ವರ್ಷವಾಯಿತು. ಮಧುಗಿರಿಯ ಹೈಸ್ಕೂಲಿನಿಂದ ಶನಿವಾರ ಜ್ವರ ಹೊತ್ತು ಬಂದೆ, ಮಂಗಳವಾರ ಇರಲಿಲ್ಲ. ನಿನ್ನ ತಿಥಿಯ ದಿನವೇ ನಮ್ಮ ಕೆಂದ ಹಸು ಹೋರಿಗರು ಹಾಕಿತು. ಇದನ್ನು ಹುಡುಗನ ಹೆಸರಲ್ಲಿ ದೇವರಿಗೆ ಬಿಡಿ ಎಂದು ಹಟ್ಟಿಯ ಹಿರಿಯರು ಹೇಳಿದರು. ಮೈ ಬಲಿತ ಮೇಲೆ ತೊಡೆಗೆ ಮುದ್ರೆ ಒತ್ತಿ ಬಿಟ್ಟೆವು. ಹಾಗೆ ಬಿಟ್ಟ ಬಸವನಿಗೆ ಮೂಗುದಾರವಿಲ್ಲ, ನೊಗವಿಲ್ಲ, ಕೊರಳಿಗೆ ಹಗ್ಗ ಹಾಕುವ ಹಾಗಿಲ್ಲ. ಯಾರ ಹೊಲಕ್ಕೆ ಬಿದ್ದರೂ ಯಾರೂ ಕೋಲೆತ್ತುವುದಿಲ್ಲ. ಹಟ್ಟಿಯವರು ಅವನನ್ನು ಬಸವಣ್ಣ ಅಂದರು. ನಿಮ್ಮವ್ವ ಮಾತ್ರ ಮೊದಲ ದಿನದಿಂದ ಓಬಳ ಅಂದಳು. ನಾನು ಯಾವ ಹೆಸರಿನಿಂದಲೂ ಕರೆಯಲಿಲ್ಲ. ಸಂಜೆ ಅವನ ಹೆಜ್ಜೆ ಅಂಗಳಕ್ಕೆ ಬಂದದ್ದು ಕೇಳಿದ ಮೇಲೆ ಒಳಗೆ ಹೋಗುತ್ತಿದ್ದೆ, ಅಷ್ಟೆ.

ಒಮ್ಮೆ ಅವನು ಎದುರು ಮನೆಯ ರಂಗಕ್ಕನ ಅವರೆ ಸಾಲನ್ನು ಪೂರಾ ಮೇಯ್ದುಬಿಟ್ಟ. ರಂಗಕ್ಕನ ಗಂಡ ತೀರಿಹೋಗಿ ಆಗ ಎರಡು ವರ್ಷ. ಮೂರು ಹಸು ಮತ್ತು ಆ ತುಂಡು ಹೊಲದ ಮೇಲೆ ಅವಳ ಸಂಸಾರ. ನಿಮ್ಮವ್ವ ಮುಖ ಸಣ್ಣದು ಮಾಡಿಕೊಂಡು ಹೋದರೆ ಅವಳು ನಕ್ಕಳು. "ತಿನ್ಲಿ ಬುಡಕ್ಕಾ. ನಿನ್ ಮಗ ಬದ್ಕಿದ್ರೂವೆ ನಮ್ಮ ಅವರೆಕಾಯಿಗೆ ಕೈ ಹಾಕ್ದೆ ಇರ್ತಿದ್ನಾ?" ಎಂದಳು. ಆ ದಿನ ನಿಮ್ಮವ್ವ ಎರಡು ಹೊತ್ತು ಉಂಡಳು.

ಹಟ್ಟಿಯವರು ನಮ್ಮ ಮೇಲಿನ ಮರ್ಯಾದೆಗೆ ಇನ್ನೊಂದು ಕೆಲಸ ಮಾಡಿದರು. ಮೊದಲಿದ್ದ ಬೀಜದ ಹೋರಿಯನ್ನು ಸಿರಾ ಕಡೆಯವರಿಗೆ ಕೊಟ್ಟರು. ಆಮೇಲೆ ಹುಟ್ಟಿದ ಗಂಡು ಕರುಗಳಿಗೆಲ್ಲ ಬೀಜ ಒಡೆಸಿ ಎತ್ತು ಮಾಡಿದರು. ಪುರವರದ ದನದ ಆಸ್ಪತ್ರೆಯಲ್ಲಿ ಸೂಜಿಯಿಂದ ಗಬ್ಬ ಕಟ್ಟಿಸುತ್ತಾರೆ ಎಂದು ಸುದ್ದಿ ಬಂದಾಗಲೂ ಯಾರೂ ಹಸು ಹೊಡೆದುಕೊಂಡು ಹೋಗಲಿಲ್ಲ. ನಿನ್ನ ಹೆಸರಿನ ಬಸವ ಇರುವಾಗ ಸೂಜಿ ಚುಚ್ಚಿಸಿದರೆ ನಿಮ್ಮವ್ವ ಏನು ತಿಳಿದಾಳು ಎಂದು. ಹೀಗೆ ಇಡೀ ಹಟ್ಟಿಗೆ ಅವನೊಬ್ಬನೇ ಆದ.

ನಿನ್ನ ಎಂಟನೇ ತರಗತಿಯ ಗಣಿತದ ನೋಟ್ ಪುಸ್ತಕದಲ್ಲಿ ಅರ್ಧ ಖಾಲಿ ಉಳಿದಿತ್ತು. ಅದನ್ನು ಸುಮ್ಮನೆ ಇಡಲಾಗದೆ ನಾನು ದನದ ವಿಷಯ ಬರೆಯತೊಡಗಿದೆ. ಯಾವ ಹಸು ಯಾವ ದಿನ ಬೆದೆಗೆ ಬಂತು, ಗಬ್ಬ ನಿಂತಿತೋ ಇಲ್ಲವೋ, ಯಾವ ದಿನ ಕರು ಹಾಕಿತು. ಮೊದಲ ನಾಲ್ಕು ವರ್ಷ ಬರೆಯುವುದು ಸಂತೋಷದ ಕೆಲಸವಾಗಿತ್ತು. ಇಪ್ಪತ್ತು ಹಸುಗಳಲ್ಲಿ ಹದಿನೇಳು ಒಂದೇ ಸಲಕ್ಕೆ ನಿಲ್ಲುತ್ತಿದ್ದವು. ಕರುಗಳೆಲ್ಲ ಅವನಂತೆಯೇ ಅಗಲ ಹಣೆಯವು.

ಆ ಹೆಣ್ಣು ಕರುಗಳು ಬೆಳೆದು ಕಡಸುಗಳಾದವು. ಎಪ್ಪತ್ತೊಂಬತ್ತರಲ್ಲಿ ಅವೂ ಬೆದೆಗೆ ಬಂದು ಅವನ ಹತ್ತಿರವೇ ಹೋದವು. ಬೇರೆ ಯಾರಿದ್ದರು? ಗಬ್ಬವಾಯಿತು ಎಂದು ನಾವು ತಿಳಿದುಕೊಂಡ ಎರಡು ತಿಂಗಳಿಗೆ ಮತ್ತೆ ಬೆದೆಗೆ ಬರುತ್ತಿದ್ದವು. ಕೆಲವು ಐದಾರು ತಿಂಗಳಿಗೆ ಕಂದು ಹಾಕಿದವು. ಒಂದು ಕರು ಮುಂಗಾಲು ಮಡಿಸಿಕೊಂಡೇ ಹುಟ್ಟಿ ಹೊತ್ತೇರುವಷ್ಟರಲ್ಲಿ ಸತ್ತಿತು. ರಂಗಕ್ಕನ ಗೌರಿ ಐದು ಸಲ ಹೋಗಿ ಐದು ಸಲವೂ ನಿಲ್ಲಲಿಲ್ಲ. ಅಷ್ಟು ಹೊತ್ತಿಗೆ ಅವಳ ಮೂರು ಹಸುಗಳೂ ಅವನ ಮಕ್ಕಳೇ ಆಗಿದ್ದವು. ಮನೆಯಲ್ಲಿ ಹಾಲು ಬತ್ತುತ್ತ ಬಂತು.

ಜನ ಮೇವಿನ ಮೇಲೆ ಹಾಕಿದರು, ಮಳೆಯ ಮೇಲೆ ಹಾಕಿದರು, ಕಣ್ಣು ಬಿದ್ದಿದೆ ಎಂದರು. ಎಂಬತ್ತನೇ ಇಸವಿಯ ಒಂದು ಸಂಜೆ ನಾನು ಪುಸ್ತಕವನ್ನು ಮೊದಲಿನಿಂದ ಓದಿದೆ. ಸಂತೆಯಿಂದ ತಂದ ಹಸುಗಳು ಆಗಲೂ ಅವನಿಗೆ ಒಂದೇ ಸಲಕ್ಕೆ ನಿಲ್ಲುತ್ತಿದ್ದವು. ನಿಲ್ಲದಿದ್ದವು ಅವನ ಮಕ್ಕಳು ಮಾತ್ರ. ಇದನ್ನು ತಿಳಿಯಲು ದೊಡ್ಡ ಓದು ಬೇಕಿರಲಿಲ್ಲ. ತಿಳಿದ ಮೇಲೆ ನಾನು ಪುಸ್ತಕ ಮುಚ್ಚಿದೆ. ಹತ್ತಿರ ಹತ್ತಿರ ಮೂರು ವರ್ಷ ಅದರಲ್ಲಿ ಏನೂ ಬರೆಯಲಿಲ್ಲ, ಯಾರಿಗೂ ಹೇಳಲಿಲ್ಲ. ಹೇಳಿದರೆ ಅವನನ್ನು ಕಳಿಸಬೇಕಾಗುತ್ತಿತ್ತು. ನಿಮ್ಮವ್ವನಿಗಾಗಿ ಸುಮ್ಮನಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ.

ಕೊನೆಗೆ ವಿಷಯ ಹೊರಬಿದ್ದದ್ದು ರಂಗಕ್ಕನಿಂದ. ಹೋದ ಬೇಸಿಗೆಯಲ್ಲಿ ಗೌರಿ ಮತ್ತೆ ಬೆದೆಗೆ ಬಂದಾಗ, ಯಾರೂ ಏಳುವ ಮೊದಲೇ ಅದನ್ನು ಪುರವರಕ್ಕೆ ಹೊಡೆದುಕೊಂಡು ಹೋಗಿ ಸೂಜಿ ಹಾಕಿಸಿಕೊಂಡು ಬಂದಿದ್ದಳು. ಒಂದೇ ಸಲಕ್ಕೆ ನಿಂತಿತು. ಆರೇಳು ತಿಂಗಳಾದ ಮೇಲೆ ಬಾವಿಯ ಹತ್ತಿರ ನಿಮ್ಮವ್ವ ಹಸುವನ್ನು ನೋಡಿದಳು, ರಂಗಕ್ಕನನ್ನು ನೋಡಿದಳು. ರಂಗಕ್ಕ ಬಿಂದಿಗೆ ಕೆಳಗಿಟ್ಟು ಹೇಳಿದಳಂತೆ: "ಹೊಟ್ಟೆ ಬಂದ್ಬುಟ್ಟೈತೆ ಕಣಕ್ಕಾ. ಮುಚ್ಚಿಕ್ಕಾಕೆ ಹಸೂಗೆ ಸೀರೆ ಉಡ್ಸಕಾಯ್ತದಾ? ಇಷ್ಟ್ ದಿನ ನಿನ್ ಕಣ್ಣಿಗೆ ಬೀಳ್ದಂಗೆ ಹಿತ್ತಲ ಗ್ವಾಡೆ ತಾವ್ಲೇ ಕಟ್ಟಿದ್ದೆ."

ನಿಮ್ಮವ್ವ ಎಂಟು ದಿನ ಅವಳ ಜೊತೆ ಮಾತಾಡಲಿಲ್ಲ. ಆದರೆ ಸುದ್ದಿ ಹಟ್ಟಿಯಲ್ಲೆಲ್ಲ ಹರಡಿತು. ಹಿರಿಯರು ಆಸ್ಪತ್ರೆಯ ಡಾಕ್ಟರು ಶಂಕರಲಿಂಗಪ್ಪನವರನ್ನು ಕರೆಸಿದರು. ಅವರು ಒಂದೊಂದೇ ಹಸುವಿನ ಒಳಗೆ ಕೈ ಹಾಕಿ ನೋಡಿದರು. ಗರ್ಭಕೋಶದಲ್ಲಿ ಯಾವ ರೋಗವೂ ಇಲ್ಲ ಎಂದರು. ಆಗ ನಾನು ಒಳಗೆ ಹೋಗಿ ಪುಸ್ತಕ ತಂದು ಅವರ ಕೈಗೆ ಕೊಟ್ಟೆ. ಅವರು ಜಗಲಿಯ ಮೇಲೆ ಕೂತು ಓದಿದರು.

"ನಿಮ್ಮ ಬಸವನಲ್ಲಿ ಏನೂ ಐಬಿಲ್ಲ ಯಜಮಾನ್ರೆ," ಎಂದರು. "ಬೇರೆ ಊರಿನ ಹಸು ಬಿಟ್ಟರೆ ಈಗಲೂ ಗಬ್ಬ ನಿಲ್ಲಿಸ್ತಾನೆ. ಇಲ್ಲಿ ಗಬ್ಬ ನಿಲ್ಲದೆ ಇರೋವೆಲ್ಲ ಅವನ ಮಕ್ಕಳು, ಮೊಮ್ಮಕ್ಕಳು."

ಅವರು ವಿವರಿಸಿದ್ದು ಹೀಗೆ. ಹುಟ್ಟುವ ಪ್ರತಿ ಜೀವಕ್ಕೂ ಅರ್ಧ ಗುಣ ತಂದೆಯಿಂದ, ಅರ್ಧ ತಾಯಿಯಿಂದ ಬರುತ್ತದೆ. ಎಷ್ಟೇ ಗಟ್ಟಿಮುಟ್ಟಾಗಿ ಕಂಡರೂ ಎಲ್ಲರ ಬೀಜದಲ್ಲೂ ಒಂದೆರಡು ಕೊರತೆ ಅಡಗಿರುತ್ತದೆ. ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯ ಒಳ್ಳೆಯದು ಮುಚ್ಚಿಕೊಳ್ಳುತ್ತದೆ. ತಂದೆ ಮಗಳು ಕೂಡಿದರೆ ಅದೇ ಕೊರತೆ ಎರಡೂ ಕಡೆಯಿಂದ ಬಂದು ಸೇರಬಹುದು. ಆಗ ಮುಚ್ಚಲು ಏನೂ ಇರುವುದಿಲ್ಲ. ಎಷ್ಟೋ ಕರುಗಳು ನಮಗೆ ಗೊತ್ತಾಗುವ ಮೊದಲೇ ಒಳಗೆ ಕರಗಿಹೋಗಿರುತ್ತವೆ.

ಹಿರಿಯರಿಗೆ ಇದು ತಕ್ಷಣ ಅರ್ಥವಾಯಿತು. ಒಂದೇ ಬೆಡಗಿನವರು, ಒಂದೇ ವಂಶದವರು ಎಂದು, ನಮ್ಮಲ್ಲಿ ಹೆಣ್ಣು ಕೊಟ್ಟು ತರುವುದಿಲ್ಲ. ಮನುಷ್ಯರಿಗೆ ಇಟ್ಟುಕೊಂಡ ಕಟ್ಟಳೆಯನ್ನು ದನಕ್ಕೆ ಮರೆತಿದ್ದೆವು, ಮರೆತದ್ದು ನಮ್ಮ ಮನೆಯ ದುಃಖದ ದೆಸೆಯಿಂದ. ಬೀಜ ಒಡೆಸುವ ಮಾತನ್ನು ಯಾರೂ ಎತ್ತಲಿಲ್ಲ. ಬಸವನನ್ನು ಇದೇ ದೇವರ ಒಕ್ಕಲಿನ, ಪಾವಗಡದ ಕಡೆಯ ಹಟ್ಟಿಗೆ ಕೊಟ್ಟು ಅಲ್ಲಿಯ ಹೋರಿಯನ್ನು ತರುವುದು ಎಂದಾಯಿತು. ಅದು ಮಾರಿದ ಹಾಗಲ್ಲ ಎಂದು ಪೂಜಾರಿಯೂ ಒಪ್ಪಿದ. ಆದರೆ ನಿಮ್ಮವ್ವ ಬೇಡವೆಂದರೆ ಯಾರೂ ಅವನನ್ನು ಮುಟ್ಟುವಂತಿಲ್ಲ ಎಂದೂ ಹೇಳಿ ಎದ್ದರು.

ನಿಮ್ಮವ್ವ ಬೇಡವೆಂದಳು. "ಒಬ್ಬನ್ನ ಕಳಿಸಿದ್ದು ಸಾಲ್ದಾ? ಇವನ್ನೂ ಅಟ್ಟೀಯಾ?" ಎಂದು ನನ್ನನ್ನು ಕೇಳಿದಳು. ನಾನು ಉತ್ತರಕ್ಕೆ ಬದಲು ಪುಸ್ತಕದ ವಿಷಯ ಹೇಳಿದೆ. ಮೂರು ವರ್ಷದಿಂದ ನನಗೆ ಗೊತ್ತಿತ್ತು ಎಂದೆ. ಅವಳು ಒಲೆಯ ಮುಂದೆ ಕೂತಿದ್ದಳು. ಈ ಕಡೆ ತಿರುಗಲಿಲ್ಲ.

"ಗೊತ್ತಿದ್ದೂವೆ ರಂಗಕ್ಕನ ಮನೆ ಮಜ್ಜಿಗೆ ಇಸ್ಕಂಡು ಕುಡುದ್ಯಲ್ಲಾ," ಎಂದಳು.

ಹೌದು, ಕುಡಿದಿದ್ದೆ. ಒಂದೇ ಹಸು ಒಂದು ಸೇರು ಹಿಂಡುತ್ತಿದ್ದ ಕಾಲದಲ್ಲೂ ಅವಳು ಚೊಂಬು ಕಳಿಸುತ್ತಿದ್ದಳು. ನಿಮ್ಮವ್ವ ಎದ್ದು ಎದುರು ಮನೆಗೆ ಹೋದಳು. ಅಲ್ಲಿ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಬಂದ ಮೇಲೆ, ಪಾವಗಡಕ್ಕೆ ಹೇಳಿ ಕಳಿಸು ಎಂದಳು.

ಇವತ್ತು ಕ್ಯಾತಣ್ಣ ಉಣ್ಣುತ್ತಿರುವಾಗ ಅವಳು ಒಂದೇ ವಿಷಯ ವಿಚಾರಿಸಿದಳು. "ನಿಮ್ ಹಟ್ಟೀಲಿ ಇವನ ಹೆಣ್ಮಕ್ಳು ಯಾರೂ ಇಲ್ಲ ತಾನೇ?"

"ಲೇದಮ್ಮಾ, ಒಂದೂ ಇಲ್ಲ," ಎಂದ ಕ್ಯಾತಣ್ಣ. "ನಮ್ ದನ ಯಾವತ್ತೂ ಈ ಕಡೆ ಬಂದೇ ಇಲ್ಲ. ಹತ್ತು ವರ್ಷಕ್ಕೆ ಭಯವಿಲ್ಲ."

"ಹತ್ತು ವರ್ಷ ಇಕ್ಕಬ್ಯಾಡಿ. ಮೂರು ವರ್ಷಕ್ಕೇ ಬೇರೆ ಕಡೀಕೆ ಕೊಡಿ," ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಅಲ್ಲಿ ಅವನ್ನ ಓಬಳ ಅಂತ ಕರೀಬ್ಯಾಡಿ. ಆ ಹೆಸರು ಇಲ್ಲೇ ಇರ್ಲಿ," ಎಂದಳು.

ಕ್ಯಾತಣ್ಣ ಆಗಲಿ ಎಂದು ತಲೆಯಾಡಿಸಿ ಇನ್ನೊಂದು ಮುದ್ದೆ ಹಾಕಿಸಿಕೊಂಡ.

ನಾನು ಹೇಳಬೇಕಾದದ್ದು ಇಷ್ಟೇ. ನಿನ್ನ ಹೆಸರಿಗೆ ಒಳ್ಳೆಯದಾಗಲಿ ಎಂದು ಮಾಡಿದ್ದು ಹೀಗಾಯಿತು. ಅದರಲ್ಲಿ ನಿನ್ನ ತಪ್ಪಿಲ್ಲ, ಅವನ ತಪ್ಪೂ ಇಲ್ಲ. ಗೊತ್ತಾದ ಮೇಲೂ ಸುಮ್ಮನಿದ್ದದ್ದು ನನ್ನದು. ನೀನು ಎಲ್ಲಿದ್ದೀಯೋ ಅಲ್ಲಿ ತಣ್ಣಗಿರು ಮಗಾ. ನಮ್ಮಿಬ್ಬರ ಯೋಚನೆ ಮಾಡಬೇಡ.

ಹಗ್ಗ ಹಾಕುವಂತಿಲ್ಲವಾದ್ದರಿಂದ ಕ್ಯಾತಣ್ಣ ನಾಳೆ ಬೆಳಿಗ್ಗೆ ತನ್ನ ಹೋರಿಯನ್ನು ಇಲ್ಲೇ ಉಳಿಸಿ, ಎರಡು ಹಸುಗಳನ್ನು ಮುಂದೆ ಬಿಟ್ಟು ಬಸವನನ್ನು ಹಿಂದೆ ನಡೆಸಿಕೊಂಡು ಹೋಗುತ್ತಾನೆ. ಪಾವಗಡದ ಕಡೆಗೆ ಮೂರು ದಿನದ ನಡಿಗೆ. ನಮ್ಮ ಹಸುಗಳು ಕಂಡರೆ ಅವನು ತಿರುಗಿ ಬರುತ್ತಾನೆ. ಹಾಗಾಗಿ ನಾಳೆ ಹಟ್ಟಿಯ ದನಗಳನ್ನು ಏಳು ಗಂಟೆಗೆ ಬಿಡುವುದಿಲ್ಲ, ಹತ್ತು ಗಂಟೆಗೆ ಬಿಡುತ್ತೇವೆ.

ಇಂತಿ,
ನಿಮ್ಮಪ್ಪ