ಹತ್ತಿದ್ದೇ ಹತ್ತಿದ್ದು

ಮನೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಮಗಳೇ,

ಹೇಗಿದ್ದೀಯ? ಬೇಕರಿಯಲ್ಲಿ ನಿಂತು ನಿಂತು ಕಾಲು ಊದುತ್ತದೆ ಎಂದು ನಿಮ್ಮಮ್ಮನಿಗೆ ಫೋನಿನಲ್ಲಿ ಹೇಳಿದೆಯಂತೆ. ಮಲಗುವಾಗ ಕಾಲ ಕೆಳಗೆ ಎರಡು ದಿಂಬು ಇಟ್ಟುಕೋ. ನಾನೂ ಈಗ ಹಾಗೇ ಮಲಗುವುದು. ಅದರ ಕಥೆ ಹೇಳಲೆಂದೇ ಈ ಕಾಗದ. ಫೋನಿಗೆ ನಾನು ಬಂದರೆ 'ಅಮ್ಮಂಗೆ ಕೊಡಪ್ಪ' ಅಂದುಬಿಡುತ್ತೀಯಲ್ಲ.

ನರ್ಸಿಂಗ್ ಕೋರ್ಸನ್ನು ಎರಡನೇ ವರ್ಷಕ್ಕೇ ಬಿಟ್ಟು ನೀನು ಬಂದ ದಿನ, ಚಪ್ಪಲಿ ಕಳಚುವ ಮೊದಲೇ 'ಹಿಡಿದಿದ್ದನ್ನ ಮುಗಿಸೋದು ನಿನ್ನ ಹಣೇಲೇ ಬರೆದಿಲ್ಲ' ಅಂದೆ. ಮಾತು ಆಡಿದರೆ ಹೋಯಿತು. ನೀನೂ ಹೋದೆ. ಆ ವಾರವೇ ನಾನು ಹಠಕ್ಕೆ ಬಿದ್ದು ಬೆಟ್ಟದ ದಾರಿಯ ಮ್ಯಾರಥಾನಿಗೆ ಹೆಸರು ಕೊಟ್ಟೆ. ಬಸ್ಸು ತಪ್ಪಿದರೂ ಓಡದವನು ನಲವತ್ತೆರಡು ಕಿಲೋಮೀಟರು ಓಡಿ, ಮುಗಿಸುವುದು ಅಂದರೇನೆಂದು ನಿನಗೆ ತೋರಿಸಬೇಕಿತ್ತು. ನಿಮ್ಮಮ್ಮ, 'ಅರವತ್ತಕ್ಕೆ ಅರಳುಮರಳು ಅಂತಾರೆ, ನಿಮಗೆ ಎರಡು ವರ್ಷ ಮುಂಚೇನೇ ಬಂತು' ಅಂದಳು.

ಲಿಫ್ಟ್ ರಿಪೇರಿಯವನಿಗೆ ಮೆಟ್ಟಿಲಿಗೇನು ಬರ? ಲಿಫ್ಟ್ ಕೆಟ್ಟ ಕಟ್ಟಡಕ್ಕೇ ತಾನೇ ನಮ್ಮನ್ನು ಕರೆಯುವುದು, ಮೋಟಾರು ಇರುವುದೂ ತಾರಸಿಯ ಕೋಣೆಯಲ್ಲೇ. ಸ್ಪ್ಯಾನರ್ ಚೀಲ ಹೊತ್ತು ಹದಿನಾಲ್ಕು ಮಹಡಿ ಓಡುತ್ತಲೇ ಹತ್ತಿದೆ. ರಜೆಯ ದಿನ ಕಾಲುವೆ ದಂಡೆಯ ಸಮದಾರಿಯಲ್ಲಿ ಮೂರು ಗಂಟೆ ಓಟ. ಹೊಟ್ಟೆ ಕರಗಿತು, ಜಂಬ ಬೆಳೆಯಿತು.

ಹೋದ ಭಾನುವಾರ ಆ ಬೆಟ್ಟದ ದಾರಿಯಲ್ಲೇ ಅಭ್ಯಾಸದ ಓಟ. ಹನ್ನೆರಡು ಕಿಲೋಮೀಟರು ಏರು, ನನ್ನ ಅರ್ಧ ವಯಸ್ಸಿನವರನ್ನೂ ಹಿಂದೆ ಹಾಕಿದೆ. ತುದಿ ಮುಟ್ಟಿ ಇಳಿಯತೊಡಗಿದೆ ನೋಡು, ಎರಡು ಕಿಲೋಮೀಟರಿಗೆಲ್ಲ ತೊಡೆ ಗಡಗಡ ನಡುಗಿತು, ಮಂಡಿ ಮಾತು ಕೇಳಲಿಲ್ಲ. ಆಗ ಹೊಳೆಯಿತು. ಎಂಟು ತಿಂಗಳು ನಾನು ಹತ್ತಿದ್ದೇ ಹತ್ತಿದ್ದು, ಒಂದು ದಿನವೂ ಕಾಲಲ್ಲಿ ಇಳಿದವನಲ್ಲ. ರಿಪೇರಿಯಾದ ಲಿಫ್ಟಿನಲ್ಲಿ ಮೊದಲು ಇಳಿಯಬೇಕಾದವನು ರಿಪೇರಿ ಮಾಡಿದವನೇ, ಅದು ನಮ್ಮವರ ಕಟ್ಟುಪಾಡು. ಇಳಿಜಾರಿನಲ್ಲಿ ಕಾಲು ಸೋಲುತ್ತದೆಂದು ಕನಸಲ್ಲೂ ಎಣಿಸಿರಲಿಲ್ಲ.

ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟೆ. ಹಠ ಇತ್ತು, ಉಸಿರೂ ಇತ್ತು, ಕಾಲು ಮಾತ್ರ ಒಲ್ಲೆ ಅಂದಿತು. ಮನಸ್ಸಿಲ್ಲದೆ ಬಿಡುವುದು ಬೇರೆ, ಆಗದೆ ಬಿಡುವುದು ಬೇರೆ ಎಂಬುದು ನನ್ನ ಮೊಂಡುತಲೆಗೆ ಅಲ್ಲಿ ಹೊಕ್ಕಿತು. ನಿನಗೆ ಅಂದ ಮಾತು ನೆನಪಾಗಿ ಬಹಳ ಸಂಕಟವಾಯಿತು, ಮಗಳೇ.

ಈಗ ದಿನವೂ ಕಂಬಿ ಹಿಡಿದು ಮೆಟ್ಟಿಲು ಇಳಿಯುತ್ತೇನೆ. 'ಲಿಫ್ಟ್ ಸರಿಹೋಗಿಲ್ವಾ ಮೇಸ್ತ್ರಿ?' ಎಂದು ಕಾವಲಿನವರು ಅನುಮಾನದಿಂದ ನೋಡುತ್ತಾರೆ. ಓಟ ಬರುವ ತಿಂಗಳು ಆರಕ್ಕೆ. ಮುಗಿಸುತ್ತೇನೋ ಇಲ್ಲವೋ, ಹೇಳಲಾರೆ.

ನಿಮ್ಮಮ್ಮ ಚೆನ್ನಾಗಿದ್ದಾಳೆ, ನನ್ನ ಮಂಡಿಗೆ ಎಣ್ಣೆ ತಿಕ್ಕುತ್ತಾ ಬೈಯುತ್ತಿದ್ದಾಳೆ. ಹೊಟ್ಟೆ ತುಂಬ ಉಣ್ಣು, ಕಣ್ಣು ತುಂಬ ನಿದ್ದೆ ಮಾಡು, ನಗುನಗುತ್ತಾ ಇರು.

ನಿನ್ನ
ಅಪ್ಪ

ತಾ.ಕ.: ಮಡಿಸಿದ ಕಾಗದವನ್ನು ಬಿಚ್ಚಿ ಬರೆಯುತ್ತಿದ್ದೇನೆ. ಕಲ್ಲಿನ ಮೇಲೆ ಕೂತಿದ್ದವನನ್ನು ಹಾಲಿನ ವ್ಯಾನಿನವನೊಬ್ಬ ಹತ್ತಿಸಿಕೊಂಡ. ಗುರುತಿಲ್ಲ, ಪರಿಚಯವಿಲ್ಲ. ಬಾಗಿಲು ತೆಗೆದವನೇ 'ಏನಾಯ್ತು ಯಜಮಾನ್ರೇ?' ಅಂದ. ನೀನು ಹೊಸ್ತಿಲಲ್ಲಿ ಬಂದು ನಿಂತಾಗ ನಾನು ಕೇಳಬೇಕಿದ್ದದ್ದು ಇಷ್ಟೇ. ಎಂಟು ತಿಂಗಳು ತಡವಾಯಿತು. ಏನಾಯ್ತು, ಮಗಳೇ?