ಅವರ್ಸಾದ ಕಪಾಟಿನಲ್ಲಿದ್ದ ಚೀಟಿಗಳು

ಜೂನ್ 9, ಬೆಳಿಗ್ಗೆ 6.30

ತೂಕ 121.4. ನಿನ್ನೆಗಿಂತ ಇನ್ನೂರು ಗ್ರಾಂ ಜಾಸ್ತಿ. ಉಂಡದ್ದು ಒಂದು ಚಪಾತಿ, ಅರ್ಧ ಸೌತೆಕಾಯಿ. ಈ ಮಶಿನ್‌ಗೂ ನನಗೂ ಹಿಂದಿನ ಜನ್ಮದ ದ್ವೇಷ ಇರಬೇಕು.

ಹುಬ್ಬಳ್ಳಿ ಡಾಕ್ಟರ್ ಮಾತು ತಲೆಯಿಂದ ಹೋಗುತ್ತಿಲ್ಲ. ನಿದ್ದೆಯಲ್ಲಿ ಗಂಟೆಗೆ ನಲವತ್ತು ಸಲ ಉಸಿರು ನಿಲ್ಲುತ್ತದಂತೆ. ತೂಕ ಇಳಿಸುವ ಹೊಟ್ಟೆಯ ಆಪರೇಷನ್ ಬೇಗ ಮಾಡಿಸಿ ಅಂದರು. ಇನ್ಶೂರೆನ್ಸ್ ಒಪ್ಪಿದರೆ ಮಾತ್ರ ಆಗುವ ಮಾತು. ಅಲ್ಲಿಯವರೆಗೆ ಮಲಗಲೂ ಹೆದರಿಕೆ. ಆಫೀಸಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿದರೂ ಹೆದರಿಕೆ.

ಜೂನ್ 17

ಇನ್ಶೂರೆನ್ಸ್ ಕಂಪನಿಯಿಂದ ಮೇಲ್. ಡಯಟ್, ಔಷಧ ಎಲ್ಲ ಮಾಡಿಯೂ ತೂಕ ಇಳಿದಿಲ್ಲ ಎನ್ನಲು ಹಳೆಯ ದಾಖಲೆ ಬೇಕಂತೆ. ನನ್ನನ್ನು ನೋಡಿದರೆ ಸಾಲದೇ?

ದಾಖಲೆ ಇದೆ. ಅಂಕೋಲೆಯ ಡಾಕ್ಟರ್ ಹತ್ತಿರ ಏಳು ವರ್ಷ ತೋರಿಸಿದ್ದೆ. ಆ ಕ್ಲಿನಿಕ್ ಈಗ ಇಲ್ಲ. ಚೀಟಿಗಳೆಲ್ಲ ತವರಿನಲ್ಲಿ, ಅವರ್ಸಾದಲ್ಲಿ, ಹೆತ್ತ ಆಯಿಯ ಕಪಾಟಿನಲ್ಲಿ. ಆದರೆ ಎಲ್ಲವೂ ಸುಗಂಧಾ ಎಂಬ ನನ್ನ ಹುಟ್ಟುಹೆಸರಲ್ಲಿ. ಮದುವೆಯ ದಿನ, ಹೆಣ್ಣಿಗೆ ಹೊಸ ಹೆಸರಿಡುವ ಪದ್ಧತಿಯಂತೆ, ಗಂಡ ರಾಮನಾಥ ಹರಿವಾಣದ ಅಕ್ಕಿಯಲ್ಲಿ ಉಂಗುರದಿಂದ 'ರಂಜನಾ' ಎಂದು ಬರೆದರು. ಅಂದಿನಿಂದ ಕೋಡಿಬಾಗದ ಈ ಮನೆಯಲ್ಲಿ, ಆಧಾರ್‌ನಲ್ಲಿ, ಪಾಲಿಸಿಯಲ್ಲಿ ನಾನು ರಂಜನಾ. ಆಯಿಗೂ ಆ ಡಾಕ್ಟರಿಗೂ ಮಾತ್ರ ಸುಗಂಧಾನೇ. ನಾನೂ ತಿದ್ದಲಿಲ್ಲ.

ಜೂನ್ 22, ಅವರ್ಸಾ

ಚೀಟಿ ಹರಡಿಕೊಂಡು ಕೂತಿದ್ದೇನೆ. ಆಯಿ ಹಿತ್ತಿಲಲ್ಲಿ.

ಬರೆದೇಬಿಡುತ್ತೇನೆ. 2019ರ ಚೀಟಿಯಲ್ಲಿ ಸಕ್ಕರೆ ಕಾಯಿಲೆ ಎಂದಿದೆ. ಪಾಲಿಸಿ ಮಾಡಿಸಿದ್ದು 2023ರಲ್ಲಿ. ಮೊದಲಿಂದ ಕಾಯಿಲೆ ಇದೆಯೇ ಎಂದು ಫಾರ್ಮಿನಲ್ಲಿ ಕೇಳಿದ್ದರು. 'ಇಲ್ಲ'ಕ್ಕೆ ಟಿಕ್ ಹಾಕಿದೆ. ಕಾಯಿಲೆ ಇದ್ದದ್ದು ಸುಗಂಧಾಗೆ, ರಂಜನಾಳನ್ನು ಯಾರು ಹಿಡಿಯುತ್ತಾರೆ ಎಂಬ ಧೈರ್ಯ. ಹುಬ್ಬಳ್ಳಿ ಡಾಕ್ಟರಿಗೂ ಸಕ್ಕರೆ ಹೋದ ವರ್ಷವಷ್ಟೇ ಬಂದದ್ದು ಎಂದಿದ್ದೇನೆ.

ತೂಕ, ಡಯಟ್ ಬರೆದ ಹದಿನಾಲ್ಕು ಚೀಟಿ ಆರಿಸಿಕೊಂಡೆ. ಸಕ್ಕರೆಯವನ್ನು ಹರಿಯಲು ಕೈ ಬರಲಿಲ್ಲ — ಮತ್ತೆ ಕಪಾಟಿಗೇ.

ಜುಲೈ 3

ಎರಡೂ ಹೆಸರು ಒಬ್ಬಳದೇ ಎಂದು ಅಫಿಡವಿಟ್ ಆಯಿತು. ಅದರಲ್ಲಿ ತವರಿನ ವಿಳಾಸವೂ ಬೇಕಂತೆ, ಕೊಟ್ಟೆ. ಸಹಿ ಹಾಕುವ ಮೊದಲು ಎರಡೆರಡು ಸಲ ಓದಿದೆ. ರಾಮನಾಥ ನಕ್ಕರು.

"ಎಂತಕ್ಕೆ ಹೆದರ್ತೀಯೆ? ಅಕ್ಕೀಲಿ ಬರ್ದವ ನಾನು. ಸಾಕ್ಷಿ ಹೇಳೂಕೆ ನಾನೇ ಬರ್ತೇನೆ."

ಆ ಟಿಕ್ ವಿಷಯ ಅವರಿಗೆ ಗೊತ್ತಿಲ್ಲ.

ಜುಲೈ 21

ಇಷ್ಟು ದಿನ ಬರೆಯಲು ಏನಿತ್ತು... ಪೋರ್ಟಲ್ ತೆರೆದರೆ 'ಪರಿಶೀಲನೆಯಲ್ಲಿದೆ'. ಮುಚ್ಚು. ಮತ್ತೆ ತೆರೆ.

ಇವತ್ತು ಕಂಪನಿಯವರ ಫೋನ್. ನಿಮ್ಮ ತವರಿನ ಕಡೆ ಒಬ್ಬರನ್ನು ಕಳಿಸುತ್ತೇವೆ, ರೂಟೀನ್ ಮೇಡಂ. ರೂಟೀನಂತೆ! ಸಿಕ್ಕಿಬಿದ್ದರೆ ಆಪರೇಷನ್ ಇಲ್ಲ, ಪಾಲಿಸಿಯೂ ಇಲ್ಲ. ಏನೂ ತೋರಿಸಬೇಡ ಎಂದು ಆಯಿಗೆ ಹೇಳಬೇಕು. ಎಪ್ಪತ್ತು ದಾಟಿದವಳಿಗೆ ನಾನು ಸುಳ್ಳು ಕಲಿಸಬೇಕು. ಮೂರು ಸಲ ನಂಬರ್ ಒತ್ತಿದೆ, ಮೂರು ಸಲ ಕಟ್ ಮಾಡಿದೆ. ನಾಳೆ ಸಂಜೆ ಹೇಳಿದರಾಯಿತು.

ಜುಲೈ 22, ಮಧ್ಯಾಹ್ನ 1.10, ಆಫೀಸ್

ಆಯಿಯ ಫೋನ್. ಉತ್ಸಾಹವೋ ಉತ್ಸಾಹ.

"ನಿನ್ನ ಇನ್ಶೂರೆನ್ಸಿನವ್ರು ಬಂದಿದ್ರು ಮಗಾ. ಪಾಪ, ಮಳೇಲಿ ನೆಂದು ಮುದ್ದೆ ಆಗಿದ್ರು. ಚಾ ಮಾಡ್ಕೊಟ್ಟೆ, ಅವಲಕ್ಕಿ ಕೊಟ್ಟೆ."

"ಚೀಟಿ ಏನಾದ್ರೂ ಕೇಳಿದ್ರಾ ಆಯಿ?"

"ಅವ್ರು ಎಂತಾ ಕೇಳ್ಳಿಲ್ಲ. ನಾನೇ ಕೊಟ್ಟೆ. ನೀ ಮರ್ತು ಬಿಟ್ಟು ಹೋಗಿದ್ದೆಯಲ್ಲೆ, ಸಕ್ಕರೆದು? ಅದೂ ಕೊಟ್ಟೆ. ಒಂದೂ ಬಿಡದೆ ಫೋಟೋ ಹೊಡ್ಕಂಡ್ರು. ಇನ್ನು ಬೇಗ ಆಪರೇಷನ್ ಆಗ್ತದಲ್ಲ?"

ಆಗ್ತದೆ ಆಯಿ ಅಂದೆ. ಖುಷಿಗೆ ಅಳುತ್ತಿದ್ದಳು.

ರಾತ್ರಿ ನಿದ್ದೆಯಿಲ್ಲದೆ ಈ ಕುರ್ಚಿಯಲ್ಲೇ ಕಣ್ಣು ಎಳೆಯುತ್ತಿದೆ. ಸಂಜೆ ರಾಮನಾಥರಿಗೆ ಹೇಳಲೇಬೇಕು. ಹೀಗೆ ಶುರು ಮಾಡುತ್ತೇನೆ — ನನಗೆ ಮೊದಲೇ ಸಕ್ಕರೆ ಇತ್ತು. ಗೊತ್ತಿದ್ದೂ ಆ ಫಾರ್ಮಿನಲ್ಲಿ ನಾನು