ರೇಡಿಯೋದಲ್ಲಿ ಜಾನಕಿಯ ಹೆಸರು

ಬಾವಲಿ, ವಯನಾಡು ಜಿಲ್ಲೆ
೧೩ ಅಕ್ಟೋಬರ್ ೧೯೮೧

ಮುದ್ದಿನ ಸೊಸೆ ಜಾನಕಿಗೆ,

ಭಗವತಿ ನಿನ್ನನ್ನು ಚೆನ್ನಾಗಿಟ್ಟಿರಲಿ. ಮೊಣಕಾಲಿನ ಊತ ಇಳಿಯಿತೇ? ಕೊಟ್ಟು ಕಳಿಸಿದ ಎಣ್ಣೆಯನ್ನು ಹಚ್ಚುತ್ತಿದ್ದೀಯೋ, ಇಲ್ಲ ಹಾಕಿ ಶಿಬಿರದ ಹುಡುಗಿಯರು ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಾರೆಂದು ಪೆಟ್ಟಿಗೆಯ ತಳಕ್ಕೆ ತುರುಕಿದ್ದೀಯೋ? ಹಚ್ಚು ಮಾರಾಯ್ತಿ. ಮೂಗು ಅವರದು, ಕಾಲು ನಿನ್ನದು. ಇಲ್ಲಿ ನಾವೆಲ್ಲ ಗಟ್ಟಿಮುಟ್ಟಾಗಿದ್ದೇವೆ. ನಿನ್ನ ಮಾವನಿಗೆ ಕೆಮ್ಮು. ಬೀಡಿ ಬಿಟ್ಟಿಲ್ಲವಾದ್ದರಿಂದ ನಾನು ಅದನ್ನು ಕಾಯಿಲೆ ಎಂದು ಒಪ್ಪುವುದಿಲ್ಲ.

ನಿನ್ನ ಕಾಗದ ನಿನ್ನೆಯಷ್ಟೇ ಕೈಸೇರಿತು. ಹಳೆಯ ಅಭ್ಯಾಸದಲ್ಲಿ ಕಣ್ಣೂರು ಜಿಲ್ಲೆ ಎಂದು ಬರೆದಿದ್ದೀಯ, ಅದು ಅಲ್ಲೆಲ್ಲ ಸುತ್ತಿಕೊಂಡು ಬಂತು. ವಯನಾಡು ಬೇರೆ ಜಿಲ್ಲೆಯಾಗಿ ವರ್ಷವಾಗುತ್ತಾ ಬಂತು ಕಣೇ! ಹಾಕಿಯಲ್ಲಿ ದೇಶದ ಗೋಲು ಕಾಯುವವಳಿಗೆ ತನ್ನ ಜಿಲ್ಲೆ ಯಾವುದೆಂದು ಗೊತ್ತಿಲ್ಲ. ಮಾನಂತವಾಡಿಯ ಶಾಲೆಯಂಗಳದಿಂದ ರಾಜ್ಯದ ತಂಡಕ್ಕೆ, ಅಲ್ಲಿಂದ ದೇಶದ ತಂಡಕ್ಕೆ ಹೋದೆ, ಈಗ ವಿಮಾನ ಹತ್ತಿ ಪರದೇಶದಲ್ಲಿ ಆಡಲು ಆರಿಸಿದ್ದಾರೆ ಎಂದು ಓದಿ ಈ ವಯಸ್ಸಿನಲ್ಲಿ ಕುಣಿದುಬಿಟ್ಟೆ. ಕೆಳಗಿನ ಸಾಲು ಓದಿ ಕೂತೆ. ಅದೇ ಹೊತ್ತಿಗೆ ಪುತ್ತರಿ, ಹೊಸ ಅಕ್ಕಿಯ ಹಬ್ಬ. ಮನೆಯ ಸೊಸೆಯೇ ಭತ್ತದ ಮೊದಲ ಕದಿರ ತೆನೆಯನ್ನು ಹೊತ್ತು ಹೊಸಿಲು ದಾಟಬೇಕು, ಆಮೇಲೆಯೇ ಹೊಸ ಅಕ್ಕಿ ಒಲೆಗೇರುವುದು. ಆಟ ಬೇಡವೆಂದು ಬಂದುಬಿಡಲೇ, ಅತ್ತೆ ಹೇಳಿದಂತೆ ಮಾಡುತ್ತೇನೆ ಎಂದಿದ್ದೀಯ. ಹೇಳುತ್ತೇನೆ ತಾಳು. ಮೊದಲು ಇಲ್ಲಿ ನಡೆದದ್ದು ಕೇಳು.

ಶನಿವಾರ ನಿನ್ನ ಪಂದ್ಯ ಕೇಳಲು ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗದ್ದೆ ಕೆಲಸದ ಮಾತಿ ಕತ್ತಿಯನ್ನು ಸೊಂಟದಲ್ಲೇ ಸಿಕ್ಕಿಸಿಕೊಂಡು ಓಡಿ ಬಂದಿದ್ದಳು. ರೇಡಿಯೋದವನು ಹೇಳುವುದೆಲ್ಲ ಹಿಂದಿ, ನಮಗೆ ತಿಳಿಯುವುದು ನಿನ್ನ ಹೆಸರೊಂದೇ. ಅರ್ಧ ಆಟ ಮುಗಿದರೂ ಆ ಹೆಸರಿಲ್ಲ! ಪುಣ್ಯಾತ್ಮ ಯಾರ್ಯಾರನ್ನೋ ಕೂಗುತ್ತಾನೆ, ನಮ್ಮವಳನ್ನು ಮಾತ್ರ ಕೇಳುವವರಿಲ್ಲ. ನನಗೆ ಮೈಯೆಲ್ಲ ಉರಿಯಿತು. ಒಳಗೆ ಹೋಗಿ ದೀಪ ಹಚ್ಚಿ, ತಾಯೀ, ಚೆಂಡು ಅವಳ ಹತ್ತಿರವೂ ಬರಲಿ ಎಂದು ಕೈಮುಗಿದೆ. ದೇವಿ ಕಿವಿಗೊಟ್ಟಳು ನೋಡು! ಅವನು "ಜಾನಕಿ! ಜಾನಕಿ!" ಎಂದು ಅರಚತೊಡಗಿದ. ನಮ್ಮದು ಚಪ್ಪಾಳೆಯೋ ಚಪ್ಪಾಳೆ. ಮಾವ ಎಲ್ಲರಿಗೂ ಬೆಲ್ಲದ ಕಾಫಿ ಎಂದು ಸಾರಿದರು. ಅಷ್ಟಿಷ್ಟು ಹಿಂದಿ ತಿಳಿದ ನಿನ್ನ ಗಂಡ ರಾಘವನ್ ಒಬ್ಬ ತಲೆಯ ಮೇಲೆ ಕೈಹೊತ್ತು ಕೂತಿದ್ದ. "ಅಮ್ಮಾ, ಗೋಲು ಕಾಯೋಳ ಹೆಸರು ಬಂತು ಅಂದ್ರೆ ಚೆಂಡು ನಮ್ಮ ಬುಡಕ್ಕೇ ಬಂತು ಅಂತ! ಎಂಥದ್ದು ಬೇಡ್ಕೊಂಡೆ ನೀನು?"

ಅಯ್ಯೋ ನನ್ನ ಬುದ್ಧಿಗಿಷ್ಟು! ಮತ್ತೆ ದೀಪದ ಮುಂದೆ ಓಡಿದೆ. ಅವಳ ಹೆಸರೇ ಬೇಡ ತಾಯೀ, ಚೆಂಡು ಆಚೆಗೇ ಇರಲಿ ಎಂದೆ. ಮಾತಿ ನನ್ನ ಸೆರಗು ಹಿಡಿದು ಎಳೆದಳು. "ಚೇಚೀ, ಬಂದು ಸುಮ್ನೆ ಕುತ್ಕಳಿ. ಹಂಗೂ ಹಿಂಗೂ ಹೇಳಿದ್ರೆ ದೇವಿಗೇ ತಲೆ ತಿರುಗ್ತದೆ." ಕೊನೆಯ ಗಳಿಗೆಯಲ್ಲಿ ನೀನು ಅಡ್ಡಬಿದ್ದು ಚೆಂಡು ತಡೆದೆಯಂತೆ, ಒಂದು ಗೋಲಿನಿಂದ ಗೆದ್ದಿರಂತೆ. ರಾಘವನ್ ಅದನ್ನು ಹೇಳಿದಾಗ ನನಗೆ ಅಳು ಬಂತು. ಹೆಮ್ಮೆಗೆ ಅಳು ಬರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ ಜಾನಕಿ.

ಹೊಟ್ಟೆ ತುಂಬ ಉಣ್ಣು. ಒದ್ದೆ ತಲೆಯಲ್ಲಿ ಮೈದಾನಕ್ಕೆ ಇಳಿಯಬೇಡ. ಮಾವನ ಆಶೀರ್ವಾದ, ಮಾತಿಯ ನೆನಪು, ರಾಘವನ್ನದು ಏನೇನಿದೆಯೋ ಅವನೇ ಬರೆಯಲಿ.

ನಿನ್ನ ಬಾಯಿಬಡುಕ ಅತ್ತೆ,
ಪದ್ಮಾಕ್ಷಿ

ಮತ್ತೆ: ಬಸ್ಸಿನ ಹಾರ್ನ್ ಕೇಳಿಸುತ್ತಿದೆ, ರಾಘವನ್ ಕಾಗದಕ್ಕೆ ಕೈಚಾಚಿ ನಿಂತಿದ್ದಾನೆ. ಪುತ್ತರಿಗೆ ಬರಬೇಡ. ಹೋಗು, ಆಡು. ಕದಿರನ್ನು ನಾನೂ ಹೊರುವುದಿಲ್ಲ, ಬೇರೆ ಯಾರಿಗೂ ಹೊರಲು ಬಿಡುವುದಿಲ್ಲ. ಊರೆಲ್ಲ ಹೊಸ ಅಕ್ಕಿಯ ಪಾಯಸ ಉಣ್ಣಲಿ, ನಮಗೆ ಹಳೆ ಅಕ್ಕಿಯೇ ಸಾಕು. ಮಾವನೂ ಒಪ್ಪಿದ್ದಾರೆ, ಮುಖ ಮಾತ್ರ ಹಾಗಲಕಾಯಿ ತಿಂದ ಹಾಗಿದೆ. ಗೆದ್ದರೂ ಸೋತರೂ ನೇರ ಮನೆಗೆ ಬಾ. ನೀನು ಬರುವ ತನಕ ಈ ಮನೆಯಲ್ಲಿ ಹೊಸ ಅನ್ನ ಬೇಯುವುದಿಲ್ಲ.